‘ಉಹುರು ಆಫ್ರಿಕ’: ಒಂದು ಧ್ವನಿಮುದ್ರಿಕೆಯ ಚಾರಿತ್ರಿಕ ಮಹತ್ತ್ವ

೧೯೬೦ರಲ್ಲಿ ಆಫ್ರಿಕ ಖಂಡದ ೧೭ ರಾಷ್ಟ್ರಗಳು ಸ್ವತಂತ್ರವಾದುವು. ಅದೇ ವರ್ಷದ ನವೆಂಬರಿನಲ್ಲಿ ಬ್ರೂಕ್ಲಿನ್ನಿನ ಪಿಯಾನೋವಾದಕ ರ‍್ಯಾಂಡಿ ವೆಸ್ಟನ್ನರು ‘ಉಹುರು ಆಫ್ರಿಕ’ ಎಂಬ ನಾಲ್ಕು ಭಾಗಗಳ ಜಾಸ್ ಕೃತಿಯನ್ನು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದರು. ‘ಉಹುರು’ ಎಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಪದ್ಯವು ಲ್ಯಾಂಗ್‌ಸ್ಟನ್ ಹ್ಯೂಸರದು. ಅದನ್ನು ಸ್ವಾಹಿಲಿಯಲ್ಲಿಯೂ ಓದಿಸಿದುದು ಗಮನಾರ್ಹ. ವಾದ್ಯಸಂಯೋಜನೆ ಮೆಲ್ಬ ಲಿಸ್ಟನ್ನರದು. (ಈಕೆಯ ಹೆಸರು ಜಾಸ್ ಚರಿತ್ರೆಗಳಲ್ಲಿ ಇನ್ನೂ ಹೆಚ್ಚಾಗಿ ಕಾಣಬೇಕಾಗಿತ್ತು.) ನೈಜೀರಿಯದ ಒಲಾಟುಂಜಿ, ಕ್ಯೂಬದ ಕ್ಯಾಂಡಿಡೊ, ಅಮೆರಿಕದ ಮ್ಯಾಕ್ಸ್ ರೋಚ್ ಇವರ ತಾಳವಾದ್ಯಗಳು ಇದರಲ್ಲಿ ಕೂಡಿವೆ. ಇದನ್ನು ಕೇವಲ ಅಲಂಕಾರವೆಂದು ಭಾವಿಸಲಾಗದು. ದಾಸ್ಯವು ಚದುರಿಸಿದ ಜನಾಂಗದ ಲಯಗಳು ಇಲ್ಲಿ ಒಂದೆಡೆ ನೆರೆದಿವೆ. ಶುದ್ಧ ಸಂಗೀತದಲ್ಲಿ ರಾಜಕೀಯವನ್ನು ಹುಡುಕಬಾರದೆಂಬ ವಾದವುಂಟು. ಅದಕ್ಕೆ ಉತ್ತರವಿತ್ತುದು ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರವೇ: ೧೯೬೪ರಲ್ಲಿ ಅದು ಈ ಮುದ್ರಿಕೆಯನ್ನು ನಿಷೇಧಿಸಿತು.