ಹಸಿರು ಬುಲೆಟ್, ಹೊಳೆಯುವ ಜಾವಾ

ಶಿವಾಜಿನಗರದ ಗ್ಯಾರೇಜುಗಳಲ್ಲಿ ಹೊಸ ಹುಡುಗನ ಕೈಗೆ ಮೊದಲು ಬರುತ್ತಿದ್ದುದು ಸೀಮೆಎಣ್ಣೆ ತಟ್ಟೆ, ಬ್ರಷ್ಷು, ಬನಿಯನ್ ಬಟ್ಟೆ. ಪಾನಾ ಹಿಡಿಯಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಲಿತದ್ದೂ ಹಾಗೆಯೇ. ನಮ್ಮ ಉಸ್ತಾದರು ಗಾಡಿಗೆ ಪೈಪಿನಲ್ಲಿ ನೀರು ಬಿಡಲು ಒಪ್ಪುತ್ತಿರಲಿಲ್ಲ. ಮಣ್ಣು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆಕೈ ಆಡಿಸಿಯೇ ಗಿರಾಕಿಗೆ ಒಪ್ಪಿಸುತ್ತಿದ್ದರು. ಅಂದಿನ ಎಷ್ಟೋ ಬೈಕುಗಳು ಇಂದಿಗೂ ಓಡುತ್ತಿದ್ದರೆ ಅದಕ್ಕೆ ಅಂಥವರ ಹಟವೇ ಕಾರಣ ಎಂದು ನಾನು ನಂಬಿದ್ದೇನೆ.

ಆ ಹಟ ಈ ನೆಲದ್ದೇ. 1809ರಿಂದ ದಂಡು ಇರುವ ಜಾಗ ಇದು. ಹಲಸೂರು ಕೆರೆಯ ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಪಡೆಯ ನೆಲೆ. ಬಂದೂಕಿಗೆ ದಿನವೂ ಎಣ್ಣೆ ಸವರುವವರ ನೆರೆಹೊರೆಯಲ್ಲಿ ಕಬ್ಬಿಣವನ್ನು ಒಣಗಿಸಿಡುವ ಶಿಸ್ತು ತಾನಾಗಿಯೇ ಹಬ್ಬಿರಬೇಕು. ಸೇನೆ ಹರಾಜು ಹಾಕಿದ ಡಿಸ್ಪೋಸಲ್ ಬುಲೆಟ್ ಬೈಕುಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವಕ್ಕೆ ಮೈಯೆಲ್ಲ ಹಸಿರು ಬಣ್ಣ, ಹೊಳಪಿನ ಹಂಗಿಲ್ಲ. ಬಣ್ಣ ಎದ್ದ ಕಡೆ ಉಪ್ಪುಕಾಗದದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಮತ್ತೆ ಹಸಿರು ಬಳಿದರೆ ಮುಗಿಯಿತು.

ಕಷ್ಟ ಕೊಟ್ಟದ್ದು ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಕೊಟ್ಟಿತು. ಜಾವಾದ ಟ್ಯಾಂಕಿನ ಎರಡೂ ಬದಿಗೆ ಕ್ರೋಮ್, ಮೊಣಕಾಲು ತಾಗುವಲ್ಲಿ ರಬ್ಬರ್. ಹೊಳೆಯುವ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು. ನಿಜವಾಗಿ ಕಾಯುವುದು ಅದರಡಿಯ ನಿಕ್ಕಲ್. ಅದರಲ್ಲಿ ಸೂಜಿಮೊನೆಯಷ್ಟು ತೂತಾದರೂ ನೀರು ಉಕ್ಕನ್ನು ಮುಟ್ಟುತ್ತದೆ. ರಬ್ಬರಿನಡಿ ನಿಂತ ಮಳೆನೀರಂತೂ ಯಾರ ಕಣ್ಣಿಗೂ ಬೀಳದು. ಉಸ್ತಾದರು ಮಳೆಗಾಲಕ್ಕೆ ಮುಂಚೆ ರಬ್ಬರ್ ಕಳಚಿ, ತುಕ್ಕಿನ ಚುಕ್ಕಿಗಳನ್ನು ಸಿಗರೇಟು ಪ್ಯಾಕಿನ ಬೇಗಡೆಯಿಂದ ನೀರು ಹಚ್ಚಿ ಉಜ್ಜಿಸುತ್ತಿದ್ದರು. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ. ಉಪ್ಪುಕಾಗದ ತಾಗಿಸಿದರೆ ನಿಕ್ಕಲ್ಲೂ ಹೋಗುತ್ತಿತ್ತು.

ಸೈಲೆನ್ಸರಿನದು ಬೇರೆಯೇ ಕಥೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಹಲಸೂರಿನಿಂದ ರಸೆಲ್ ಮಾರ್ಕೆಟ್ಟಿಗೆ ಹೋಗಿಬರುವಷ್ಟರಲ್ಲಿ ಪೈಪು ಪೂರ್ತಿ ಕಾಯುವುದಿಲ್ಲ, ಆ ನೀರು ಒಳಗೇ ಉಳಿಯುತ್ತದೆ. ಬುಲೆಟ್ ಸೈಲೆನ್ಸರ್ ಒಳಗಿನಿಂದ ಕೊರೆದುಹೋಗುತ್ತಿದ್ದುದು ಹೀಗೆ. ಟೂ ಸ್ಟ್ರೋಕ್ ಯೆಜ್ಡಿಗೆ ಉರಿಯದೆ ಉಳಿದ ಆಯಿಲ್ಲೇ ಕಾವಲು. ಆದರೆ ಕರಿ ಕಟ್ಟಿತೆಂದು ಸೈಲೆನ್ಸರನ್ನು ಬೆಂಕಿಯಲ್ಲಿ ಸುಟ್ಟೊಡನೆ ಆ ಕಾವಲೂ ಹೋಗುತ್ತದೆ. ಅದಕ್ಕೇ ಸುಟ್ಟು ಆರಿದ ಮೇಲೆ ಒಳಗೆ ಸ್ವಲ್ಪ ಆಯಿಲ್ ಸುರಿದು ಹೊರಳಿಸುತ್ತಿದ್ದೆವು.

ಆಮೇಲೆ ಒತ್ತಡದ ನೀರು ಹೊಡೆಯುವ ವಾಟರ್ ಸರ್ವಿಸ್ ಬಂತು. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಎಲ್ಲೆಲ್ಲೂ ಅದೇ. ಬೇರಿಂಗಿಗೆ, ಸ್ವಿಚ್ಚಿಗೆ, ಚೈನಿಗೆ ನುಗ್ಗುವ ಆ ನೀರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ತೊಳೆದ ಮೇಲೆ ನಾಲ್ಕಾರು ಕಿಲೋಮೀಟರ್ ಓಡಿಸಿ, ಚೈನಿಗೆ ತೊಂಬತ್ತರ ಗೇರ್ ಆಯಿಲ್ ಹಾಕುವವರು ಕಡಿಮೆ.

ಈಗ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ಉಕ್ಕಿನ ಟ್ಯಾಂಕಿಗೆ ಇದು ಕೇಡು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ಬಿಡಬೇಡಿ. ಗುಜರಿಯಲ್ಲಿ ಜಾವಾ ಟ್ಯಾಂಕ್ ಕೊಳ್ಳುವವರು ಹೊರಗಿನ ಕ್ರೋಮ್ ನೋಡಿ ಬೆಲೆ ಮಾತಾಡಬೇಡಿ. ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ತಳದ ಮೂಲೆಗಳನ್ನು ನೋಡಿ.