ಮರಕ್ಕೆ ಬದಲಿ ಕಟ್ಟಡ ಸಾಮಗ್ರಿಗಳು (ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ)

ಮರದ ಬದಲಿಗೆ ಪರಿಸರಕ್ಕೆ ಹೊರೆಯಾಗದ ಸಾಮಗ್ರಿ ಬಳಸುವ ಚರಿತ್ರೆಯನ್ನು 1993ರಿಂದ, ಅಂದರೆ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರಮುಟ್ಟು ನಿಷೇಧಿಸಿದಲ್ಲಿಂದ ಹೇಳತೊಡಗಿದರೆ, ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಅದು ತೀರಾ ತಡ. ಇಲ್ಲಿನ ಮಾಳಿಗೆ ಮನೆಗೆ ಕಂಬ, ತೊಲೆ, ಜಂತೆ ಎಲ್ಲವೂ ಮರದವೇ; ಮೇಲೆ ಚೌಳು ಮಣ್ಣು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಸುಡತೊಡಗಿದ ಹಂಚು ಮಣ್ಣನ್ನು ಇಳಿಸಿತೇ ಹೊರತು ಮರವನ್ನಲ್ಲ. ಹಂಚು ಕೂರಲು ರೀಪು ಬೇಕೇ ಬೇಕು. ಸೂರಿನಿಂದ ಮರವನ್ನು ನಿಜಕ್ಕೂ ಕೆಳಗಿಳಿಸಿದ್ದು ಕಲ್ಲುಕಂಬ, ಕಲ್ಲುತೊಲೆಗಳ ಮೇಲೆ ಚಪ್ಪಡಿ ಹಾಸಿದ ಮನೆ. ಅದನ್ನು ಕಟ್ಟಿದವರಿಗೆ ಕಾಡಿಗಿಂತ ಗೆದ್ದಲಿನ ಚಿಂತೆ ಹೆಚ್ಚಿದ್ದಿರಬಹುದು; ಉದ್ದೇಶ ಏನೇ ಇರಲಿ, ಉಳಿದ ಮರ ಉಳಿದದ್ದೇ.

ಆದರೆ ಎಷ್ಟು ಉಳಿಯಿತು ಎಂಬಲ್ಲಿ ಲೆಕ್ಕ ತೊಡಕಾಗುತ್ತದೆ. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಕಾದ ಪದರವನ್ನು ಚಪ್ಪಡಿಯಾಗಿ ಏಳಿಸುವುದು ಈ ಸೀಮೆಯ ಹಳೆಯ ವಿದ್ಯೆ. ಬೆಂಗಳೂರಿನ ಇಂಥ ಕೆಲಸವನ್ನು ಎಚ್. ವಾರ್ಥ್ 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ: ಸುಮಾರು 760 ಕಿಲೋ ಸೌದೆಗೆ 740 ಚದರಡಿ ವಿಸ್ತಾರದ, ಐದು ಅಂಗುಲ ದಪ್ಪದ ಹಾಳೆ, ಒಂದು ತೂಕ ಸೌದೆಗೆ ಮೂವತ್ತು ತೂಕ ಕಲ್ಲು. ಸೂರಿನ ಮರ ಬಂಡೆಯ ಮೇಲಿನ ಒಲೆಗೆ ಹೋಯಿತು ಎಂದು ಇದನ್ನು ಹಿಡಿದು ಆಕ್ಷೇಪಿಸಬಹುದು. ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ: ಉರಿಸಲು ಕೊಂಬೆ, ಕುರುಚಲು ಸಾಕು, ತೊಲೆಗೆ ಬಲಿತ ನೇರ ಮರವೇ ಆಗಬೇಕು. ಸಿಡಿಮದ್ದಿನ ಗಣಿಗಾರಿಕೆ ಗುಡ್ಡವನ್ನೇ ಕರಗಿಸುವುದು ಬೇರೆ ಮಾತು, ಅದು ಹೆಚ್ಚು ಗಟ್ಟಿಯಾದ ತಕರಾರು.

ಸೌದೆಯನ್ನೂ ಲೆಕ್ಕಕ್ಕೆ ಹಿಡಿದರೆ ಮುಖ್ಯ ತಿರುವು ಬಾಗಿಲು, ಕಿಟಕಿಗಳಲ್ಲಿಲ್ಲ, ಗೋಡೆಯಲ್ಲಿದೆ. ಇಟ್ಟಿಗೆ ಗೂಡು ಸೌದೆ ತಿನ್ನುವುದು ವರ್ಷವರ್ಷವೂ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಆರಂಭಿಸಿದ ಗ್ರಾಮೀಣ ತಂತ್ರಜ್ಞಾನದ ತಂಡ ‘ಅಸ್ತ್ರ’ ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆಯಿತು. ಆ ತಂಡದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ ಮಣ್ಣಿನ ಬ್ಲಾಕಿಗೆ ಗೂಡೇ ಬೇಡ: ಕೆಂಪು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿದರೆ ಆಯಿತು. ಸಿಮೆಂಟೂ ಸುಟ್ಟದ್ದೇ ಅಲ್ಲವೇ ಎಂದರೆ ಹೌದು, ಆದರೆ ಪ್ರಮಾಣ ಕಡಿಮೆ. ಜಿಗುಟಿನ ಎರೆಮಣ್ಣಿಗೆ ಮಾತ್ರ ಮರಳನ್ನೋ ಸುಣ್ಣವನ್ನೋ ಸೇರಿಸಬೇಕು.

ಆಮೇಲಿನದು ಸಿಮೆಂಟ್ ಚೌಕಟ್ಟು, ಕಬ್ಬಿಣದ ಕಿಟಕಿ, ಪ್ಲಾಸ್ಟಿಕ್ ಬಾಗಿಲುಗಳ ಪರಿಚಿತ ಕಥೆ. ಬೆಳೆಸಿ ಕಡಿದ ಮರ ಇವಕ್ಕಿಂತ ಹಗುರ ಹೊರೆ ಎಂಬ ವಾದವೂ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯೂ 2020ರಲ್ಲಿ ಮರಮುಟ್ಟಿನ ಮೇಲಿನ ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು.