ಗೋಡೆ ದಪ್ಪ ಇದ್ರೆ ಸಾಕಾ?

ಕಮಠಾಣದಿಂದ ಮಾತಾಡ್ತಿದ್ದೀನಿ. ನಮ್ಮ ಕಡೆ ಹಳೇ ಮನೆ ತೋರಿಸಿದ್ರೆ ಹಿರಿಯರು ಮೊದಲು ಹೇಳೋ ಮಾತು, "ಗೋಡೆ ಎಷ್ಟು ದಪ್ಪ ನೋಡ್ರಿ!" ಈ ನಂಬಿಕೆಯ ಇತಿಹಾಸವೇ ಇವತ್ತಿನ ವಿಷಯ.

ಮೊದಲು ಬೀದರ್ ಕೋಟೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನ ಕಲಬುರಗಿಯಿಂದ ಇಲ್ಲಿಗೆ ತಂದ. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಇವತ್ತಿಗೂ ಇದೆ. ಆದ್ರೆ 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿದಾಗ ಕೋಟೆಯವರದೇ ಮದ್ದಿನ ರಾಶಿಗೆ ಬೆಂಕಿ ತಗುಲಿತು. ಕೋಟೆ ಕಾಯ್ತಿದ್ದ ಸಿದ್ದಿ ಮರ್ಜಾನ್ ಆ ಸುಟ್ಟ ಗಾಯಗಳಿಂದಲೇ ತೀರಿಕೊಂಡ. ಕೋಟೆ ಮೊಘಲರ ಪಾಲಾಯ್ತು.

ಹೊರಗಿನವರು ಒಳಗೆ ಬರಬಾರದು ಅನ್ನೋದು ಒಂದು ಲೆಕ್ಕ. ಒಳಗಿರೋರು ಉಳೀಬೇಕು ಅನ್ನೋದು ಇನ್ನೊಂದು ಲೆಕ್ಕ. ನಾವು ಮೊದಲನೇದನ್ನೇ ಜಾಸ್ತಿ ಕೇಳ್ತೀವಿ.

ಇದರ ಬೆಲೆ ಗೊತ್ತಾಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಡಿ ಆಚೆ, ಲಾತೂರ್ ಜಿಲ್ಲೆಯ ಕಿಲ್ಲಾರಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ರು. ಭೂಕಂಪದಲ್ಲಿ ಸತ್ತವರು ಏಳೂವರೆ ಸಾವಿರಕ್ಕಿಂತ ಹೆಚ್ಚು. ಅಲ್ಲಿದ್ದದ್ದೂ ನಮ್ಮಂಥದ್ದೇ ಮನೆಗಳು: ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರು ಕಲ್ಲು, ಮಣ್ಣು. ಎರಡೂ ಸಾಲನ್ನ ಹಿಡಿದಿಡೋ ಉದ್ದನೆಯ ಅಡ್ಡಗಲ್ಲೇ ಇಲ್ಲ. ನೆಲ ಅಲ್ಲಾಡಿದಾಗ ಗೋಡೆ ಎರಡಾಗಿ ಬಿಚ್ಚಿಕೊಳ್ತು, ಮಾಳಿಗೆ ಮೈಮೇಲೆ ಬಿತ್ತು. ಬಡವರ ಹಗುರ ಗುಡಿಸಲುಗಳಲ್ಲಿ ಎಷ್ಟೋ ಜನ ಉಳಿದ್ರು!

ಆಮೇಲೆ ಜನರಿಗೆ ಕಲ್ಲು ಅಂದ್ರೇ ಭಯ, ಸಿಮೆಂಟ್ ಅಂದ್ರೇ ಧೈರ್ಯ. ನನಗೆ ಅನ್ನಿಸೋದು, ಇದೂ ಹಳೇ ನಂಬಿಕೆಯ ಹೊಸ ರೂಪ. ತಪ್ಪು ಕಲ್ಲಿನದಲ್ಲ, ಜೋಡಣೆಯದ್ದು. ಜೋಡಣೆ ಕೆಟ್ಟಿದ್ರೆ ಸಿಮೆಂಟ್ ಮನೇನೂ ಬೀಳ್ತದೆ.

ಈಗ ನಮ್ಮ ಹೊಸ ಮನೆಗಳನ್ನ ನೋಡ್ರಿ. ಕಿಟಕಿಗೆಲ್ಲ ಗ್ರಿಲ್, ಬಾಗಿಲಿಗೆ ಶಟರ್. ಕಳ್ಳ ಬರಲ್ಲ, ಸರಿ. ರಾತ್ರಿ ಬೆಂಕಿ ಬಿದ್ರೆ ಅಜ್ಜಿ ಹೊರಗೆ ಬರೋದು ಎಲ್ಲಿಂದ?

ನಿಮ್ಮ ಮನೇಲಿ ಕೋಣೆ ಕಟ್ಟಿಸೋವಾಗ ಗೌಂಡಿಗೆ ಎರಡು ಪ್ರಶ್ನೆ ಕೇಳ್ರಿ. ಲಿಂಟಲ್ ಮನೆ ಸುತ್ತ ಬೆಲ್ಟ್ ಥರ ಬರ್ತದಾ? ಒಂದು ಗ್ರಿಲ್ ಆದ್ರೂ ಒಳಗಿಂದ ತೆಗೆಯೋಕೆ ಬರ್ತದಾ? ದಪ್ಪದ ಮಾತು ಆಮೇಲೆ.

ಮುಂದಿನ ಕಂತಿನಲ್ಲಿ ಸಿಗೋಣ.